ಪಟೇಲರ ಎತ್ತಿನ ಮನೆಯಲ್ಲಿ ಮಾನವಶಾಸ್ತ್ರ

ಆಕ್ಸ್‌ಫರ್ಡಿನಲ್ಲಿ ಓದಿದ್ದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದಿಳಿದಾಗ, ಊರ ಪಟೇಲರು ಅವರಿಗೆ ತಮ್ಮ ಎತ್ತಿನ ಮನೆಯಲ್ಲಿ ಜಾಗ ಕೊಟ್ಟರು. ಶ್ರೀನಿವಾಸ್ ಜಮೀನು ಕೊಳ್ಳಲು ಬಂದವರಲ್ಲ, ಕಂದಾಯ ವಸೂಲಿಗೂ ಅಲ್ಲ. ತಿಂಗಳುಗಟ್ಟಲೆ ಅಲ್ಲೇ ಇದ್ದು ನಾಟಿ, ಜಗಳ, ಮದುವೆ, ನ್ಯಾಯ ಪಂಚಾಯಿತಿ ಎಲ್ಲವನ್ನೂ ಕಂಡಂತೆ ಬರೆದುಕೊಳ್ಳುವುದೇ ಅವರ ಕೆಲಸವಾಗಿತ್ತು. ಬರಹದಲ್ಲಿ ಆ ಊರಿಗೆ ಅವರಿಟ್ಟ ಹೆಸರು ರಾಂಪುರ.

ಜನರ ನಡುವೆ ಬದುಕಿ ಜನರನ್ನು ಅರಿಯುವ ಈ ಕ್ಷೇತ್ರಕಾರ್ಯಕ್ಕೆ ಗಟ್ಟಿ ಬುನಾದಿ ಹಾಕಿದವರು ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹೂಡಿ, ಅಲ್ಲಿನ ಮಾತು ಕಲಿತರು. ದ್ವೀಪದಿಂದ ದ್ವೀಪಕ್ಕೆ ಚಿಪ್ಪಿನ ಹಾರಗಳು ಒಂದು ದಿಕ್ಕಿನಲ್ಲಿ, ತೋಳುಬಳೆಗಳು ಅದರ ಎದುರು ದಿಕ್ಕಿನಲ್ಲಿ ಕೈಬದಲಾಗುತ್ತಿದ್ದವು. ಯಾರೂ ಅವನ್ನು ಶಾಶ್ವತವಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಹೊರಗಿನವರಿಗೆ ಇದು ಹುಚ್ಚಾಟ. ದ್ವೀಪದವರಿಗೆ ಮಾತ್ರ ಅದರಲ್ಲಿ ಮಾನವಿತ್ತು, ಕಡಲಾಚೆಯ ಸ್ನೇಹವಿತ್ತು. ಒಂದು ಜನರ ರೂಢಿಯನ್ನು ಅವರ ಲೆಕ್ಕದಲ್ಲೇ ಅರಿಯಬೇಕೆಂಬ ಈ ನಿಲುವಿಗೆ ಶಾಸ್ತ್ರದಲ್ಲಿ ‘ಸಾಂಸ್ಕೃತಿಕ ಸಾಪೇಕ್ಷತೆ’ ಎನ್ನುತ್ತಾರೆ. ಹಾಗೆಂದರೆ ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದಲ್ಲ. ತೀರ್ಪಿಗೆ ಮೊದಲು ತಿಳಿವಳಿಕೆ ಇರಲಿ ಎಂದಷ್ಟೇ.

ರಾಂಪುರ ಕಲಿಸಿದ ಪಾಠವೂ ಕಡಿಮೆಯದಲ್ಲ. ಗ್ರಂಥಗಳಲ್ಲಿ ನಾಲ್ಕು ವರ್ಣಗಳ ಏಣಿಯಿದೆ, ಮೇಲೆ ಬ್ರಾಹ್ಮಣ. ಊರಲ್ಲಿ ಮಾತು ನಡೆಯುತ್ತಿದ್ದದ್ದು ಜಮೀನು ಮತ್ತು ಜನಬಲ ಎರಡೂ ಇದ್ದ ಒಕ್ಕಲಿಗರದು. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಶ್ರೀನಿವಾಸ್ ಬೆಳೆಸಿದ್ದು ಇಲ್ಲಿಂದ. ಇವತ್ತು ಚುನಾವಣೆ ಬಂದರೆ ಸಾಕು, ಟೀವಿಯವರ ಬಾಯಲ್ಲಿ ಕುಣಿಯುವ ‘ವೋಟ್ ಬ್ಯಾಂಕ್’ ಕೂಡ ಅವರ ಬರಹದಿಂದಲೇ ಬಳಕೆಗೆ ಬಂದದ್ದು.

ಇದು ಸಾಮಾಜಿಕ-ಸಾಂಸ್ಕೃತಿಕ ಮಾನವಶಾಸ್ತ್ರ, ನಾಲ್ಕು ಕವಲುಗಳಲ್ಲಿ ಒಂದು. ಇನ್ನೊಂದು ಜೈವಿಕ ಮಾನವಶಾಸ್ತ್ರ. ಇಥಿಯೋಪಿಯಾದಲ್ಲಿ 1974ರಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ‘ಲೂಸಿ’ಯ ಮೂಳೆಗಳನ್ನು ಓದುವುದು ಇದರ ಕೆಲಸ. ಅದಕ್ಕಿಂತ ಸ್ವಾರಸ್ಯವಾದದ್ದು ಕುಡುಗೋಲು ಕಣ ರೋಗದ ಕಥೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಈ ವಂಶವಾಹಿ ಕಾಯಿಲೆ ನೀಲಗಿರಿಯ ಬುಡಕಟ್ಟುಗಳಲ್ಲಿರುವುದು 1952ರಲ್ಲಿ ಗೊತ್ತಾಯಿತು. ತಂದೆ ತಾಯಿ ಇಬ್ಬರಿಂದಲೂ ಈ ವಂಶವಾಹಿ ಬಂದರೆ ಪ್ರಾಣಕ್ಕೇ ಕುತ್ತು. ಒಬ್ಬರಿಂದ ಮಾತ್ರ ಬಂದರೆ ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ. ಪಶ್ಚಿಮ ಆಫ್ರಿಕಾದಲ್ಲಿ ಇದು ಹಬ್ಬಿದ್ದೇಕೆಂದು ಫ್ರಾಂಕ್ ಲಿವಿಂಗ್‌ಸ್ಟನ್ 1958ರಲ್ಲಿ ವಿವರಿಸಿದರು: ಬೇಸಾಯಕ್ಕೆಂದು ಕಾಡು ಕಡಿದರು, ಬಯಲಾದ ನೆಲದಲ್ಲಿ ನೀರು ನಿಂತಿತು, ಸೊಳ್ಳೆ ಹೆಚ್ಚಿತು, ಆ ವಂಶವಾಹಿ ಇದ್ದವರು ಹೆಚ್ಚು ಉಳಿದುಕೊಂಡರು. ಉಳುಮೆ ಹೀಗೆ ರಕ್ತದೊಳಕ್ಕೂ ಇಳಿಯಿತು.

ಮೂರನೆಯದು ಪುರಾತತ್ವ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಹಿಂದಿನವರು ಪುರಾಣಕ್ಕೆ ಜೋಡಿಸಿದ್ದರು; ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆಯೆಂದೇ ನಂಬಿಕೆ. ಇಂಥದೇ ಉಟ್ನೂರಿನ ದಿಬ್ಬವನ್ನು ಅಗೆದ ರೇಮಂಡ್ ಆಲ್ಚಿನ್‌ಗೆ ದನಗಳ ಗೊರಸಿನ ಗುರುತು ಸಿಕ್ಕಿತು. ಅದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿ. ನಾಲ್ಕನೆಯದಾದ ಭಾಷಿಕ ಮಾನವಶಾಸ್ತ್ರಕ್ಕೆ, ಒಂದೇ ಊರಿನಲ್ಲಿ ಒಬ್ಬರು ‘ಇದೆ’, ಇನ್ನೊಬ್ಬರು ‘ಐತೆ’ ಎನ್ನುವುದೂ ಅಧ್ಯಯನದ ಸಾಮಗ್ರಿ.

ಕವಲುಗಳು ಸೇರುವ ಜಾಗಕ್ಕೆ ಮನೆಯೊಳಗಿನ ನಂಟೇ ಸಾಕ್ಷಿ. ರಕ್ತದ ಲೆಕ್ಕದಲ್ಲಿ ಚಿಕ್ಕಪ್ಪನ ಮಗಳೂ ಸೋದರಮಾವನ ಮಗಳೂ ಸಮಾನ ಹತ್ತಿರ. ಆದರೆ ನಮ್ಮ ಅನೇಕ ಕುಟುಂಬಗಳಲ್ಲಿ ಮೊದಲನೆಯವಳು ತಂಗಿ, ಎರಡನೆಯವಳು ಮದುವೆಯಾಗಬಹುದಾದ ಹೆಣ್ಣು. ಉತ್ತರ ಭಾರತದ ಬಹುಪಾಲು ಹಿಂದೂ ಸಮುದಾಯಗಳಲ್ಲಿ ಇಬ್ಬರೂ ವರ್ಜ್ಯ. ಈ ವ್ಯತ್ಯಾಸಗಳನ್ನು ದೇಶದುದ್ದಕ್ಕೂ ಹೋಲಿಸಿ ನೋಡಿದವರು ಪುಣೆಯ ಇರಾವತಿ ಕರ್ವೆ.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಶ್ರೀನಿವಾಸರ ಪರಿಷ್ಕೃತ ಟಿಪ್ಪಣಿಗಳ ಮೂರೂ ಪ್ರತಿಗಳು ಬಲಿಯಾದವು. ನೆನಪನ್ನೇ ನೆಚ್ಚಿ ಅವರು ಬರೆದ ರಾಂಪುರದ ಪುಸ್ತಕ 1976ರಲ್ಲಿ ಬಂತು. ಪಟೇಲರ ಆಶ್ರಯದಲ್ಲಿದ್ದ ತನಗೆ ಊರು ಕಂಡದ್ದು ಬಹುಮಟ್ಟಿಗೆ ಮೇಲ್ಜಾತಿಯವರ ಕಣ್ಣಿನಿಂದ ಎಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಆ ಊರಿನ ದಲಿತ ಕೇರಿಯಲ್ಲಿ ಬಿಡಾರ ಹೂಡಿದ್ದರೆ ಯಾವ ಪುಸ್ತಕ ಹುಟ್ಟುತ್ತಿತ್ತು ಎಂಬುದು ಈಗಲೂ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ.