ಒಂದೇ ನೋಟ, ಎರಡು ದಾರಿ: ಧ್ಯಾನ ಮತ್ತು ಸಂಮೋಹನ



ಇಷ್ಟಲಿಂಗದ ಮೇಲೆ ದೃಷ್ಟಿಯಿಟ್ಟು ಕುಳಿತಾಗ ಮನಸ್ಸು ತಿಳಿಯಾಗುವುದು ಕೂಡ ಒಂದು ಬಗೆಯ ಸಂಮೋಹನವಲ್ಲವೇ ಎಂದು ಬಸವಕಲ್ಯಾಣ ಮತ್ತು ಹುಮನಾಬಾದ ಭಾಗದ ತರುಣರು ನಮ್ಮನ್ನು ಆಗಾಗ ಕೇಳುತ್ತಾರೆ. ಇದು ಕುತರ್ಕದ ಪ್ರಶ್ನೆಯಲ್ಲ. ಕೇಳಿ ತಿಳಿಯುವುದು, ತಿಳಿದು ಆಚರಿಸುವುದು ಹನ್ನೆರಡನೆಯ ಶತಮಾನದ ಅನುಭವ ಮಂಟಪದಿಂದಲೇ ಈ ಮಣ್ಣಿಗೆ ಬಂದ ಸಂಸ್ಕಾರ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ: ನೆಟ್ಟ ನೋಟ, ನಿಧಾನವಾದ ಉಸಿರು, ಅಲುಗಾಡದ ದೇಹ. ಆದರೆ ಇವೆರಡರ ಭೇದವನ್ನು ಅರಿಯದೆ ಹೋದರೆ ರೋಗಿಗೆ ಹಾನಿಯಾಗುವ ಸಂಭವವುಂಟು. ಆದ್ದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ವಿವರಿಸಲು ಬಯಸುತ್ತೇವೆ.

ಹೋಲಿಕೆ ಎಲ್ಲಿದೆ?

ಸಂಮೋಹನಕ್ಕೆ ಇಂದಿನ ವೈದ್ಯಕೀಯ ರೂಪ ಕೊಟ್ಟವರಲ್ಲಿ ಪ್ರಮುಖರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್. 1841ರಲ್ಲಿ ಅವರು ಸಂಮೋಹನದ ಒಂದು ಸಾರ್ವಜನಿಕ ಪ್ರದರ್ಶನವನ್ನು ಕಂಡು ತಾವೇ ಪ್ರಯೋಗಗಳನ್ನು ಆರಂಭಿಸಿದರು. 1843ರಲ್ಲಿ ಅವುಗಳನ್ನು ಗ್ರಂಥವಾಗಿ ಪ್ರಕಟಿಸಿದರು. ಅವರ ವಿಧಾನ ಸರಳವಾಗಿತ್ತು. ಹೊಳೆಯುವ ಒಂದು ವಸ್ತುವನ್ನು, ಸಾಮಾನ್ಯವಾಗಿ ತಮ್ಮ ಶಸ್ತ್ರದ ಡಬ್ಬಿಯನ್ನು, ಎಡಗೈಯ ಬೆರಳುಗಳಲ್ಲಿ ಹಿಡಿದು, ರೋಗಿಯ ಕಣ್ಣಿನಿಂದ 8ರಿಂದ 15 ಅಂಗುಲ ದೂರದಲ್ಲಿ, ಹಣೆಗಿಂತ ಮೇಲಿರಿಸುತ್ತಿದ್ದರು. ರೋಗಿ ಅದನ್ನೇ ದಿಟ್ಟಿಸಬೇಕು, ಮನಸ್ಸನ್ನೂ ಅದರಲ್ಲೇ ಇಡಬೇಕು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ದಣಿದು ರೆಪ್ಪೆ ಮುಚ್ಚುತ್ತಿತ್ತು. ಇದನ್ನು ಅವರು ಮೊದಲು ಒಂದು ಬಗೆಯ ನಿದ್ರೆಯೆಂದು ಕರೆದರು. ಅದು ನಿದ್ರೆಯಲ್ಲ, ಮನಸ್ಸು ಒಂದೇ ಭಾವದಲ್ಲಿ ನಿಂತ ಸ್ಥಿತಿ ಎಂಬುದನ್ನು ಮುಂದೆ ಅವರೇ ಒಪ್ಪಿದರು.

ಹಠಯೋಗದ ಷಟ್ಕರ್ಮಗಳಲ್ಲಿ ಒಂದಾದ ತ್ರಾಟಕವೂ ನೆಟ್ಟ ನೋಟದ ಸಾಧನೆಯೇ. ನಮ್ಮ ಲಿಂಗಪೂಜೆಯಲ್ಲಿ ಇಷ್ಟಲಿಂಗದ ಕಪ್ಪು ಮೈಯಲ್ಲಿ ಮೂಡುವ ಬೆಳಕಿನ ಬಿಂದುವಿನ ಮೇಲೆ ದೃಷ್ಟಿ ನಿಲ್ಲುತ್ತದೆ. ಹೀಗಾಗಿ ಬಾಗಿಲು ಒಂದೇ ಎಂಬುದನ್ನು ಒಪ್ಪಿಕೊಳ್ಳಲು ನಾವು ಹಿಂಜರಿಯಬೇಕಾಗಿಲ್ಲ. ಚದುರಿದ ಗಮನ ಒಂದೆಡೆ ಕೂಡಿದಾಗ ಉಸಿರು ನಿಧಾನವಾಗುವುದು, ಸ್ನಾಯುಗಳು ಸಡಿಲಗೊಳ್ಳುವುದು ಶರೀರದ ಸಹಜ ಧರ್ಮ.

ಭೇದ ಎಲ್ಲಿದೆ?

ಬ್ರೇಡ್ ಅವರ ಪ್ರಯೋಗದಲ್ಲಿ ವಸ್ತು ವೈದ್ಯನ ಎಡಗೈಯಲ್ಲಿತ್ತು. ಲಿಂಗಪೂಜೆಯಲ್ಲಿ ಲಿಂಗವು ಸಾಧಕನ ಎಡ ಅಂಗೈಯಲ್ಲಿಯೇ ಇದೆ. ಭೇದದ ತಿರುಳೆಲ್ಲ ಇಲ್ಲಿಯೇ ಅಡಗಿದೆ.

ಸಂಮೋಹನದಲ್ಲಿ ಏಕಾಗ್ರತೆ ಒಂದು ಸಿದ್ಧತೆ ಮಾತ್ರ. ಹೊಲವನ್ನು ಹದ ಮಾಡಿದಂತೆ. ಆ ಬಳಿಕ ಬಿತ್ತುವುದು ವೈದ್ಯನ ಸೂಚನೆಯನ್ನು: 'ನೋವು ಕಡಿಮೆಯಾಗುತ್ತಿದೆ', 'ಹೊಟ್ಟೆಯಲ್ಲಿ ಹಿತವಾದ ಬಿಸುಪು ಹರಡುತ್ತಿದೆ' ಎಂಬಂತಹ ಮಾತುಗಳು. ಧ್ಯಾನದಲ್ಲಿ ಬಿತ್ತುವವರು ಬೇರೆ ಯಾರೂ ಇಲ್ಲ. ಏಳುವ ಯೋಚನೆಯನ್ನು ಕಂಡು, ಅದರ ಬೆನ್ನು ಹತ್ತದೆ, ಮತ್ತೆ ಲಿಂಗದ ಕಡೆಗೆ ಬರುವುದೇ ಅಲ್ಲಿಯ ಕೆಲಸ. ಸಂಮೋಹನ ಒಂದು ನಿರ್ದಿಷ್ಟ ಫಲವನ್ನು ಬಯಸುತ್ತದೆ. ಧ್ಯಾನ ಎಚ್ಚರವನ್ನು ಬೆಳೆಸುತ್ತದೆ. ಒಂದು ಕೆಲವು ಭೇಟಿಗಳಲ್ಲಿ ಮುಗಿಯುವ ಚಿಕಿತ್ಸೆ. ಇನ್ನೊಂದು ಜೀವಮಾನದ ದಿನಚರಿ.

ಹಾಗೆಂದು ಸಂಮೋಹಕನಲ್ಲಿ ಅತಿಮಾನುಷ ಶಕ್ತಿಯಿದೆಯೆಂದು ಭಾವಿಸಬಾರದು. ಇದನ್ನು ಜಗತ್ತಿಗೆ ಮೊದಲು ಸ್ಪಷ್ಟವಾಗಿ ತಿಳಿಸಿದವರಲ್ಲಿ ನಮ್ಮ ನೆರೆಯ ಗೋವೆಯವರೊಬ್ಬರಿದ್ದಾರೆ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬೆ ಫರಿಯಾ ಪ್ಯಾರಿಸ್ ನಗರದಲ್ಲಿ ಸಂಮೋಹನವನ್ನು ತೋರಿಸುತ್ತ, ಶಕ್ತಿಯಿರುವುದು ಮಾಡಿಸುವವನ ಕೈಯಲ್ಲಲ್ಲ, ಒಳಗಾಗುವವನ ಮನಸ್ಸಿನಲ್ಲಿಯೇ ಎಂದು ವಾದಿಸಿದರು. ಪಣಜಿಯಲ್ಲಿರುವ ಅವರ ಪ್ರತಿಮೆಯನ್ನು ನಮ್ಮ ಓದುಗರಲ್ಲಿ ಕೆಲವರು ನೋಡಿರಬಹುದು. ಮನಸ್ಸಿಲ್ಲದವರನ್ನು ಬಲವಂತವಾಗಿ ಸಂಮೋಹನಕ್ಕೆ ಒಳಪಡಿಸುವುದು ಸಾಧ್ಯವಾಗದು. ಒಪ್ಪಿದವರಲ್ಲಿಯೂ ಎಲ್ಲರೂ ಸಮಾನವಾಗಿ ಒಳಗಾಗುವುದಿಲ್ಲ.

ಚಿಕಿತ್ಸೆಯಾಗಿ ಎರಡರ ಬೆಲೆ

ಅರಿವಳಿಕೆಯ ಔಷಧಗಳು ಬರುವ ಮುನ್ನ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯರು ಅಂದಿನ ರೀತಿಯ ಸಂಮೋಹನದಲ್ಲಿ ರೋಗಿಗಳನ್ನಿರಿಸಿ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಈಥರ್ ಮತ್ತು ಕ್ಲೋರೋಫಾರ್ಮ್ ಬಂದೊಡನೆ ಆ ಪದ್ಧತಿ ಹಿಂದೆ ಸರಿಯಿತು. ಎಲ್ಲ ರೋಗಿಗಳಿಗೂ ಭರವಸೆಯಿಂದ ಫಲ ಕೊಡುವ ಔಷಧದ ಮುಂದೆ ಅದು ನಿಲ್ಲಲಾರದಾಯಿತು.

ಇಂದು ಸಂಮೋಹನ ಹೆಚ್ಚು ಉಪಯುಕ್ತವೆನಿಸಿರುವುದು ನೋವು, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ ಮತ್ತು ಕರುಳಿನ ಕೆಲವು ತೊಂದರೆಗಳಲ್ಲಿ. ನಾವು ಗ್ರಹಣಿ ದೋಷದೊಡನೆ ಹೋಲಿಸುವ, ಪರೀಕ್ಷೆಗಳಲ್ಲಿ ಏನೂ ಕಾಣದೆ ಹೊಟ್ಟೆ ಹಿಂಡುವ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆಯಾಗುವ ರೋಗದಲ್ಲಿ ಇದರ ಪರಿಣಾಮವನ್ನು ಮ್ಯಾಂಚೆಸ್ಟರಿನ ವೈದ್ಯರು 1984ರಲ್ಲಿ ಪರೀಕ್ಷಿಸಿದರು. ಬೇರೆ ಚಿಕಿತ್ಸೆಗಳಿಗೆ ಬಗ್ಗದ 30 ರೋಗಿಗಳಲ್ಲಿ ಸಂಮೋಹನ ಪಡೆದವರು ಉಳಿದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದರು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2003ರಲ್ಲಿ ಸಂಮೋಹನವನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿ, ನೋಂದಾಯಿತ ವೈದ್ಯರು ಅಥವಾ ತಕ್ಕ ತರಬೇತಿ ಪಡೆದವರು ಮಾತ್ರ ಮಾಡಬೇಕೆಂದು ತಿಳಿಸಿತು.

ಧ್ಯಾನವನ್ನು ಆಸ್ಪತ್ರೆಯೊಳಗೆ ತಂದ ಪ್ರಯತ್ನಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ ಎಂಟು ವಾರಗಳ ಕ್ರಮ. ಆತಂಕ, ಖಿನ್ನತೆ, ದೀರ್ಘಕಾಲದ ನೋವುಗಳಲ್ಲಿ ಇಂತಹ ಅಭ್ಯಾಸದಿಂದ ಸಾಧಾರಣ ಪ್ರಮಾಣದ ಉಪಶಮನ ದೊರೆಯುತ್ತದೆ. 'ಸಾಧಾರಣ' ಎಂಬ ಮಾತನ್ನು ಓದುಗರು ಗಮನಿಸಬೇಕು. ಅದು ಚಿಕಿತ್ಸೆಗೆ ಬೆಂಬಲ ಕೊಡುತ್ತದೆ. ಎಲ್ಲ ಚಿಕಿತ್ಸೆಯ ಸ್ಥಾನವನ್ನೂ ತುಂಬುವುದಿಲ್ಲ.

ಆಯುರ್ವೇದದ ನಿಲುವು

ಚರಕ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯ ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸುತ್ತದೆ: ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ ಮತ್ತು ಸತ್ತ್ವಾವಜಯ. ಆಹಾರ ಮತ್ತು ಔಷಧಗಳ ಯೋಜನೆ ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ತಡೆಯುವುದು ಮೂರನೆಯದು. ನಮ್ಮ ತಿಳಿವಳಿಕೆಯಂತೆ ಧ್ಯಾನವೂ ಸಂಮೋಹನವೂ ಸತ್ತ್ವಾವಜಯದ ಅಂಗಳದಲ್ಲಿಯೇ ನಿಲ್ಲುತ್ತವೆ. ಒಂದರಲ್ಲಿ ರೋಗಿ ತಾನೇ ಲಗಾಮು ಹಿಡಿಯುತ್ತಾನೆ, ಇನ್ನೊಂದರಲ್ಲಿ ಸ್ವಲ್ಪ ಕಾಲ ವೈದ್ಯನಿಗೆ ಕೊಡುತ್ತಾನೆ. ಆದರೆ ಚರಕರು ಮೂರನ್ನೂ ಹೇಳಿದರೇ ಹೊರತು ಒಂದನ್ನು ಹಿಡಿದು ಉಳಿದವನ್ನು ಬಿಡಿರೆಂದು ಹೇಳಲಿಲ್ಲ.

ಈ ಮಾತಿನ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. ಹುಮನಾಬಾದ ತಾಲೂಕಿನ ಹಳ್ಳಿಯೊಂದರ ರೈತರು, ಐವತ್ತು ದಾಟಿದವರು, ಖಿನ್ನತೆಗಾಗಿ ಮನೋವೈದ್ಯರ ಗುಳಿಗೆ ಪಡೆಯುತ್ತಿದ್ದರು. ನಿದ್ರೆ ಮರಳಿತ್ತು, ಹೊಲದ ಕೆಲಸಕ್ಕೂ ಹೋಗತೊಡಗಿದ್ದರು. 'ನಿತ್ಯ ಲಿಂಗಪೂಜೆ ಮಾಡುವವನಿಗೆ ಗುಳಿಗೆ ಯಾತಕ್ಕೆ?' ಎಂದು ಬಂಧುಗಳೊಬ್ಬರು ಅಂದ ಮಾತಿಗೆ ಒಮ್ಮೆಲೇ ಔಷಧ ಬಿಟ್ಟರು. ಕೆಲವೇ ವಾರಗಳಲ್ಲಿ ಊಟ, ನಿದ್ರೆ ಎರಡೂ ತಪ್ಪಿದವು. ಬದುಕಿ ಫಲವಿಲ್ಲವೆಂಬ ಮಾತು ಅವರ ಬಾಯಿಂದ ಬಂದಾಗ ಗಾಬರಿಗೊಂಡ ಮಗಳು ಅವರನ್ನು ನಮ್ಮ ದವಾಖಾನೆಗೆ ಕರೆತಂದಳು. ನಾವು ಅದೇ ದಿನ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಈಗ ಅವರು ಗುಳಿಗೆಯನ್ನೂ ತೆಗೆದುಕೊಳ್ಳುತ್ತಾರೆ, ಪೂಜೆಯನ್ನೂ ಮಾಡುತ್ತಾರೆ. ಪೂಜೆಗೆ ಗುಳಿಗೆ ಎಂದೂ ಅಡ್ಡ ಬಂದಿಲ್ಲ.

ಎಚ್ಚರಿಕೆಯ ಮಾತುಗಳು

ಮನೋವೈದ್ಯರು ಕೊಟ್ಟ ಔಷಧವನ್ನು ಅವರ ಅಪ್ಪಣೆಯಿಲ್ಲದೆ ಯಾರೂ ನಿಲ್ಲಿಸಬಾರದು. ಇಲ್ಲದ ಧ್ವನಿ ಕೇಳುವುದು, ವಿನಾಕಾರಣ ಶಂಕೆ ಮುಂತಾದ ಲಕ್ಷಣಗಳಿರುವವರು ವೈದ್ಯರ ಸಲಹೆಯಿಲ್ಲದೆ ಸಂಮೋಹನಕ್ಕಾಗಲಿ ದೀರ್ಘ ಧ್ಯಾನಕ್ಕಾಗಲಿ ಕೂರಬಾರದು; ರೋಗ ಉಲ್ಬಣಿಸಬಹುದು. ಸಂಮೋಹನದಲ್ಲಿ ನೆನಪಾದುದೆಲ್ಲ ನಿಜವೆಂದು ನಂಬಿ ಮನೆಯವರ ಮೇಲೆ ಆರೋಪ ಹೊರಿಸಬಾರದು. ಆ ಸ್ಥಿತಿಯಲ್ಲಿ ಕಲ್ಪನೆಯೂ ನೆನಪಿನ ವೇಷ ಧರಿಸುತ್ತದೆ. ಗೋಡೆಗಳ ಮೇಲೆ ಕಾಣುವ ವಶೀಕರಣದ ಜಾಹೀರಾತುಗಳಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಮಂತ್ರ ತಾಯಿತಗಳಿಂದ ರೋಗ ವಾಸಿಯೆಂದು ಪ್ರಚಾರ ಮಾಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಮನಸ್ಸಿಗೆ ಸಂಕಟವಾದಾಗ 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಮನೆಯಲ್ಲಿ ಅನುಸರಿಸುವ ಕ್ರಮ

ಬೆಳಿಗ್ಗೆ ಶೌಚ ಸ್ನಾನಗಳ ನಂತರ, ಬರಿಹೊಟ್ಟೆಯಲ್ಲಿ ಅಥವಾ ಉಂಡು ಮೂರು ಗಂಟೆಗಳಾದ ಮೇಲೆ ಕುಳಿತುಕೊಳ್ಳಬೇಕು. ಬೆನ್ನು ನೇರವಾಗಿರಲಿ, ಮಂಡಿನೋವಿನವರು ಕುರ್ಚಿಯಲ್ಲಿ ಕೂರಬಹುದು. ಲಿಂಗವನ್ನು ಕಣ್ಣಿಗೆ ಆಯಾಸವಾಗದ ಎತ್ತರದಲ್ಲಿ ಹಿಡಿದು ಹತ್ತು ನಿಮಿಷ ಮೃದುವಾಗಿ ನೋಡಬೇಕು. ನೀರು ಬಂದರೆ ಕಣ್ಣು ಮುಚ್ಚಿ ವಿಶ್ರಮಿಸಬೇಕು. ಮೂರ್ಛೆರೋಗ ಅಥವಾ ಕಣ್ಣಿನ ಒತ್ತಡದ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ತ್ರಾಟಕದ ಹೆಸರಿನಲ್ಲಿ ಸೂರ್ಯನನ್ನು ದಿಟ್ಟಿಸುವುದು ಸರ್ವಥಾ ಸಲ್ಲದು. ಅದರಿಂದ ಅಕ್ಷಿಪಟಲಕ್ಕೆ ಶಾಶ್ವತ ಹಾನಿಯಾಗಬಹುದು.

ಸಂಮೋಹನದ ಅಗತ್ಯ ಕೆಲವರಿಗೆ, ಕೆಲವು ಕಾಲ. ಅದನ್ನು ಬಲ್ಲ ವೈದ್ಯರಿಂದಲೇ ಪಡೆಯಬೇಕು. ಧ್ಯಾನದ ಅಗತ್ಯ ಎಲ್ಲರಿಗೂ ಇದೆ. ಅದಕ್ಕೆ ಬೇಕಾದುದು ಈಗಾಗಲೇ ನಮ್ಮ ಕರಸ್ಥಲದಲ್ಲಿದೆ. ಇನ್ನು ರೋಗ ಬಂದಾಗ ಬೇಕಾದ ಔಷಧವನ್ನು ಸಂಕೋಚವಿಲ್ಲದೆ ಸೇವಿಸುವುದೂ ಕಾಯವನ್ನು ಪ್ರಸಾದವೆಂದು ತಿಳಿದವರ ಕರ್ತವ್ಯವೇ ಆಗಿದೆ.