ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ವಿದ್ಯುತ್ತಿನ ಏರ್ಪಾಡು

ಹೊಸ ಮನೆಯನ್ನು ಕಟ್ಟಿಸುವವರು ದೀಪದ ತಂತಿಗಳ ವಿಚಾರವನ್ನು ಗಾರೆಯ ಕೆಲಸ ಮುಗಿಯುವ ಕಾಲಕ್ಕೆ ಯೋಚಿಸುವುದುಂಟು. ಆಮೇಲೆ ಗೋಡೆಯನ್ನು ಕೊರೆಯಿಸಿ ತಂತಿ ಎಳೆಯಿಸುವ ಕಷ್ಟವನ್ನು ನಮ್ಮಲ್ಲಿ ಅನೇಕರು ಅನುಭವಿಸಿಯೇ ಇರುವರು. ಮನೆಗಾದರೆ ಈ ತಪ್ಪಿಗೆ ಹಣವೇ ದಂಡ. ಸ್ವಂತ ಕೈಯಿಂದ ವಿಮಾನವನ್ನು ಕಟ್ಟುವವನು ಇದೇ ತಪ್ಪನ್ನು ಮಾಡಿದರೆ ಪ್ರಾಣವನ್ನೇ ದಂಡವಾಗಿ ತೆರಬೇಕಾದೀತು.

ಅಮೆರಿಕ ದೇಶದಲ್ಲಿ ಮೋಟಾರುಖಾನೆಯಲ್ಲಿಯೇ ವಿಮಾನ ಕಟ್ಟುವ ಗೃಹಸ್ಥರು ಸಾವಿರಾರು ಮಂದಿ ಉಂಟು. ಅವರಿಗಾಗಿ ಬರ್ಟ್ ರುಟಾನ್ ಎಂಬ ಶಿಲ್ಪಿಯು ರಚಿಸಿದ ‘ಲಾಂಗ್ ಈಜಿ’ ಎಂಬ ಇಬ್ಬರು ಕೂರುವ ವಿಮಾನವು ೧೯೭೯ರಲ್ಲಿ ಮೊದಲು ಹಾರಿತು. ಇದರ ಮೈಯಲ್ಲಿ ಲೋಹದ ತಗಡಿಲ್ಲ. ಹಗುರವಾದ ನೊರೆಹಲಗೆಯನ್ನು ಕಾಯಿಸಿದ ತಂತಿಯಿಂದ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ ಹೊದಿಸುವರು. ಚಿಕ್ಕ ರೆಕ್ಕೆಯು ಮುಂದೆ. ಎಂಜಿನೂ ಪ್ರಪೆಲ್ಲರೂ ಹಿಂದೆ.

ಮೋಟಾರುಗಾಡಿಯಲ್ಲಿ ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ ಸಾಕು. ಹಿಂದಿರುಗುವ ದಾರಿಯನ್ನು ಗಾಡಿಯ ಕಬ್ಬಿಣವೇ ಒದಗಿಸುವುದು. ಗಾಜಿನ ನಾರು ವಿದ್ಯುತ್ತನ್ನು ಒಯ್ಯದಾದ ಕಾರಣ ಈ ವಿಮಾನದಲ್ಲಿ ಪ್ರತಿಯೊಂದು ಉಪಕರಣಕ್ಕೂ ಹೋಗುವ ತಂತಿ ಒಂದು, ಬರುವ ತಂತಿ ಒಂದು ಬೇಕು. ಬರುವ ತಂತಿಗಳನ್ನೆಲ್ಲ ಒಂದೇ ಸ್ಥಳದಲ್ಲಿ ಕೂಡಿಸುವುದು ಲೇಸು. ಕಂಡಕಂಡಲ್ಲಿ ಕೂಡಿಸಿದರೆ ರೇಡಿಯೋದಲ್ಲಿ ಗುಂಯ್‌ಗುಟ್ಟುವ ಸದ್ದು ಸೇರಿಕೊಳ್ಳುವುದು. ಎರಡು ತಂತಿಗಳನ್ನು ಹಗ್ಗದಂತೆ ಹೊಸೆದಿಟ್ಟರೆ ಅವುಗಳ ಅಯಸ್ಕಾಂತ ಪ್ರಭಾವವು ಪರಸ್ಪರ ಅಳಿದು, ದಿಕ್ಸೂಚಿಯ ಮುಳ್ಳು ದಾರಿ ತಪ್ಪದು. ಗಾಜಿನ ನಾರಿನಿಂದ ಒಂದು ಲಾಭವೂ ಉಂಟು: ರೇಡಿಯೋ ಅಲೆಗಳನ್ನು ಅದು ತಡೆಯದು. ಆದುದರಿಂದ ತಾಮ್ರದ ಪಟ್ಟಿಯ ಏರಿಯಲನ್ನು ಹೊದಿಕೆಯ ಒಳಗೇ ಅಡಗಿಸಬಹುದು. ಆದರೆ ಬಟ್ಟೆ ಹೊದಿಸುವ ಮೊದಲೇ ಇದು ನಡೆಯತಕ್ಕದ್ದು.

ಇನ್ನು ಬ್ಯಾಟರಿಯ ಸ್ಥಾನ. ನಿಂತ ಲಾಂಗ್ ಈಜಿಯು ಮುಂಚಕ್ರವನ್ನು ಮಡಿಸಿ ಮೂಗನ್ನು ನೆಲಕ್ಕೆ ಊರಿರುವುದು. ಎಂಜಿನಿನ ಭಾರವು ಹಿಂದಿರುವುದರಿಂದ, ಚಾಲಕನು ಇಳಿದೊಡನೆ ಅದು ಹಿಂದಕ್ಕೆ ಮಗುಚುವ ಭಯವುಂಟು. ಹಾರುವಾಗಲೂ ಭಾರಕೇಂದ್ರವು ಮಿತಿಮೀರಿ ಹಿಂದೆ ಸರಿದರೆ ಹತೋಟಿ ತಪ್ಪುವುದು. ಆದಕಾರಣ ಅನೇಕರು ಬ್ಯಾಟರಿಯನ್ನು ಮೂಗಿನಲ್ಲಿ ಇಡುವರು. ೨೦ ಪೌಂಡಿನ ಸೀಸದ ಬ್ಯಾಟರಿಯನ್ನು ತೆಗೆದು ೬ ಪೌಂಡಿನ ಲಿಥಿಯಂ ಬ್ಯಾಟರಿಯನ್ನಿಟ್ಟು ಹಿಗ್ಗಿದವನು, ತೂಕ ಸರಿದೂಗಿಸಲು ಮೂಗಿನಲ್ಲಿ ೧೪ ಪೌಂಡು ಸೀಸದ ಗಟ್ಟಿಯನ್ನೇ ಹೇರಬೇಕಾಗಿ ಬಂದರೆ ಆಶ್ಚರ್ಯವಿಲ್ಲ!

ಆದರೆ ಬ್ಯಾಟರಿ ಮೂಗಿನಲ್ಲಿ, ಎಂಜಿನ್ ಬಾಲದಲ್ಲಿ. ಎಂಜಿನನ್ನು ಎಬ್ಬಿಸುವ ಸ್ಟಾರ್ಟರಿಗೆ ೨೦೦ ಆಂಪಿಯರ್ ಬೇಕೆಂದೂ, ಹೋಗಲು ೧೨ ಅಡಿ, ಬರಲು ೧೨ ಅಡಿ ತಂತಿಯೆಂದೂ ಇಟ್ಟುಕೊಳ್ಳೋಣ. ೪ನೆಯ ನಂಬರಿನ ತಾಮ್ರದ ತಂತಿಯಲ್ಲಿ ಸುಮಾರು ೧.೨ ವೋಲ್ಟ್, ಅಂದರೆ ೧೨ ವೋಲ್ಟಿನಲ್ಲಿ ಹತ್ತನೆಯ ಒಂದು ಪಾಲು, ದಾರಿಯಲ್ಲಿಯೇ ಕರಗುವುದು. ದಪ್ಪನಾದ ೨ನೆಯ ನಂಬರಿನಲ್ಲಿ ಮುಕ್ಕಾಲು ವೋಲ್ಟ್ ಮಾತ್ರ ನಷ್ಟ. ಆದರೆ ತಾಮ್ರದ ತೂಕವು ಸುಮಾರು ೨ ಪೌಂಡು ಹೆಚ್ಚುವುದು. ಒಂದನ್ನು ಗಳಿಸಿದರೆ ಇನ್ನೊಂದನ್ನು ಕಳೆದುಕೊಳ್ಳಬೇಕು.

ಫ್ಯೂಸು ಕಾಪಾಡುವುದು ಮುಖ್ಯವಾಗಿ ತಂತಿಯನ್ನು, ಉಪಕರಣವನ್ನಲ್ಲ. ಆದುದರಿಂದ ತಂತಿಯ ಗಾತ್ರಕ್ಕೆ ತಕ್ಕ ಫ್ಯೂಸನ್ನು ಹಾಕತಕ್ಕದ್ದು. ತಂತಿ ಸುಡಲಾರಂಭಿಸಿದರೆ ಬ್ಯಾಟರಿಯನ್ನು ಒಡನೆ ಬೇರ್ಪಡಿಸುವ ಮುಖ್ಯ ಕಾಂಟ್ಯಾಕ್ಟರು ಬ್ಯಾಟರಿಯ ಮಗ್ಗುಲಲ್ಲಿಯೇ ಇರಬೇಕು.

ಆಕಾಶದಲ್ಲಿ ಆಲ್ಟರ್ನೇಟರು ಕೆಟ್ಟರೆ ಗತಿಯೇನು? ೧೬ ಆಂಪಿಯರ್-ಘಂಟೆಯ ಬ್ಯಾಟರಿಯು ಹಳತಾದಾಗ ೧೨ ಮಾತ್ರ ಉಳಿದೀತೆಂದು ಎಣಿಸುವುದು ವಿವೇಕ. ಎಲ್ಲವೂ ಉರಿಯುತ್ತ ೧೨ ಆಂಪಿಯರ್ ಹೀರಿದರೆ ಅದು ಒಂದು ಘಂಟೆಯೊಳಗೆ ಬರಿದು. ಅತ್ಯವಶ್ಯವಾದವುಗಳನ್ನು ಮಾತ್ರ ಬೇರೊಂದು ಸ್ವಿಚ್ಚಿನಲ್ಲಿ ಇಟ್ಟು ೬ಕ್ಕೆ ಇಳಿಸಿದರೆ ಎರಡು ಘಂಟೆ ಬಂದೀತು. ಮ್ಯಾಗ್ನೆಟೋ ಇರುವ ಎಂಜಿನು ಬ್ಯಾಟರಿಯ ಹಂಗಿಲ್ಲದೆ ಓಡುವುದು. ಬ್ಯಾಟರಿಯನ್ನೇ ನಂಬಿದ ಎಲೆಕ್ಟ್ರಾನಿಕ್ ಕಿಡಿಯೊಂದೇ ಇದ್ದರೆ, ಬ್ಯಾಟರಿ ಮುಗಿದಂದೇ ಎಂಜಿನೂ ನಿಲ್ಲುವುದು.

ಆ ಸ್ವಿಚ್ಚು ಕೈಗೆಟಕುವಲ್ಲಿಯೇ ಇರಬೇಕೆಂಬುದು ಸಣ್ಣ ಮಾತಲ್ಲ. ೧೯೯೭ರ ಅಕ್ಟೋಬರ್ ೧೨ರಂದು ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ತಾನು ಕೊಂಡಿದ್ದ ಲಾಂಗ್ ಈಜಿಯಲ್ಲಿ ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ಮಡಿದನು. ಅಲ್ಲಿ ಕೆಟ್ಟದ್ದು ವಿದ್ಯುತ್ತಲ್ಲ. ಇಂಧನದ ತೊಟ್ಟಿಯನ್ನು ಬದಲಿಸುವ ಹಿಡಿಯನ್ನು, ಮೂಲ ನಕ್ಷೆಯನ್ನು ಬಿಟ್ಟು, ಚಾಲಕನ ಎಡಭುಜದ ಹಿಂದೆ ಇರಿಸಲಾಗಿತ್ತು. ಅದರ ಮೇಲೆ ಗುರುತುಗಳೂ ಇರಲಿಲ್ಲ. ಅದನ್ನು ತಿರುಗಿಸಲು ಹೋಗಿ ಹತೋಟಿ ತಪ್ಪಿತೆಂದು ತನಿಖೆಯವರು ತೀರ್ಮಾನಿಸಿದರು. ಹೊರಡುವ ಮುನ್ನ ಸಾಕಷ್ಟು ಇಂಧನವನ್ನು ತುಂಬದೆ ಇದ್ದುದೂ ಕಾರಣಗಳಲ್ಲೊಂದೆಂದರು.

ಆದುದರಿಂದ ಬಲ್ಲವರು ಅಂಟಿನ ಡಬ್ಬಿಯನ್ನು ತೆರೆಯುವ ಮೊದಲು ಕಾಗದವನ್ನು ಹರಡುವರು. ಪ್ರತಿಯೊಂದು ತಂತಿಯನ್ನೂ ಬರೆದು, ಅದು ಕೆಟ್ಟರೆ ಏನಾದೀತೆಂದು ಕೇಳಿಕೊಳ್ಳುವರು. ಈ ಅಭ್ಯಾಸವು ನೆಲದ ಮೇಲೆ ಮನೆ ಕಟ್ಟುವ ನಮಗೂ ಹಿತವಾದದ್ದೇ.