ಒಂದು ಭಾಗಾಕಾರ, ಒಂದು ಗುಣಾಕಾರ

ಕಳೆದ ಆಷಾಢದಲ್ಲಿ ನಾಲ್ಕು ದಿನ ಬಿಸಿಲೇ ಕಾಣಲಿಲ್ಲ. ತಾರಸಿಯ ಸೋಲಾರಿನಲ್ಲಿ ನೀರು ತಣ್ಣಗೆ ಕೊರೆಯುತ್ತಿತ್ತು. ಅಟ್ಟದಲ್ಲಿದ್ದ ಹಳೆಯ ಹೀಟರ್ ಕಾಯಿಲನ್ನು ನಾನೇ ಇಳಿಸಿ, ಬಕೆಟ್ಟಿಗೆ ಇಳಿಬಿಟ್ಟು, ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದೆ. ಅದೇ ಬಾಕ್ಸಿನ ಇನ್ನೊಂದು ತೂತಿಗೆ ಮೊಮ್ಮಗಳು ಯೂನಿಫಾರ್ಮ್ ಇಸ್ತ್ರಿ ಮಾಡಲು ಪೆಟ್ಟಿಗೆ ಹಾಕಿದಳು.

ಹತ್ತು ನಿಮಿಷವಾಗಿರಬಹುದು. "ಏನ್ರೀ ಅದು, ಸುಟ್ಟ ವಾಸನೆ?" ಎಂದು ನಮ್ಮಾಕೆ ಅಡುಗೆಮನೆಯಿಂದ ಕೂಗಿದಳು. ನಾನು ಪೇಪರ್ ಕೆಳಗಿಟ್ಟು ಏಳುವಷ್ಟರಲ್ಲಿ ಮೊಮ್ಮಗಳು ಓಡಿಹೋಗಿ ಗೋಡೆಯ ಸ್ವಿಚ್ ಆರಿಸಿದ್ದಳು. ಬಾಕ್ಸಿಗೆ ವೈರು ಬಂದು ಸೇರುವ ಮೂಲೆ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಪಕ್ಕದಲ್ಲೇ ಅವಳ ಹತ್ತಿ ಬಟ್ಟೆಯ ರಾಶಿ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

"ಎಂಸಿಬಿ ಯಾಕೆ ಬೀಳಲಿಲ್ಲ ತಾತ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತಗಿರಿ. ಕರೆಂಟಿಗೂ ನನಗೂ ಇದ್ದ ನಂಟೆಂದರೆ ತಿಂಗಳ ಬಿಲ್ಲು ಮಾತ್ರ. ಅವಳು ಹತ್ತನೇ ತರಗತಿ. ತನ್ನ ನೋಟ್‌ಬುಕ್ ತಂದು ಎದುರಿಗೆ ಕೂತಳು. ಗುರುವಿನ ಜಾಗದಲ್ಲಿ ಅವಳು, ಶಿಷ್ಯನ ಜಾಗದಲ್ಲಿ ನಾನು.

"ವೋಲ್ಟನ್ನ ಆಂಪಿಯರಿನಿಂದ ಗುಣಿಸಿದರೆ ವಾಟ್. ವೋಲ್ಟನ್ನ ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ಇಷ್ಟೇ ತಾತ."

ಇಷ್ಟೇನಾ ಎನ್ನಿಸಿತು. ನಮ್ಮ ಬಡ್ಡಿ ಲೆಕ್ಕಕ್ಕಿಂತ ಸುಲಭ! ಜರ್ಮನಿಯ ಗಿಯೋರ್ಗ್ ಓಮ್ ಎಂಬ ಶಾಲಾ ಮೇಷ್ಟ್ರು ಈ ಭಾಗಾಕಾರದ ಹಿಂದಿನ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಮೊದಮೊದಲು ಹೆಚ್ಚು ಜನ ಒಪ್ಪಲಿಲ್ಲವಂತೆ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟು ಗೌರವಿಸಿತು.

ಕಾಯಿಲಿನ ಮೇಲೆ 1500 ವಾಟ್ ಎಂದು ಬರೆದಿತ್ತು. ಮನೆಗೆ ಬರುವುದು 230 ವೋಲ್ಟ್. 1500ನ್ನು 230ರಿಂದ ಭಾಗಿಸಿದೆ: 6.52 ಆಂಪಿಯರ್. ಇನ್ನು ರೋಧ. 230ನ್ನು 6.52ರಿಂದ ಭಾಗಿಸಿದರೆ 35.3 ಓಮ್. ಬ್ಯಾಂಕಿನವನಿಗೆ ತಾಳೆ ನೋಡದೆ ಸಮಾಧಾನವಿಲ್ಲ. ಆಂಪಿಯರನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಿದರೂ ವಾಟ್ ಬರಬೇಕು ಎಂದಳು. ಗುಣಿಸಿದೆ. ಹತ್ತಿರ ಹತ್ತಿರ 1500! ಲೆಡ್ಜರ್ ತಾಳೆಯಾದ ಸಂಜೆಯಷ್ಟೇ ಖುಷಿಯಾಯಿತು.

ಇಸ್ತ್ರಿ ಪೆಟ್ಟಿಗೆ 750 ವಾಟಿನದು, 3.26 ಆಂಪಿಯರ್. ಅದರ ರೋಧ ಸುಮಾರು 70.5 ಓಮ್, ಕಾಯಿಲಿನ ಎರಡರಷ್ಟು. "ಸಣ್ಣ ಸಾಮಾನಿಗೆ ಜಾಸ್ತಿ ರೋಧವೇ? ಎಲ್ಲೋ ತಪ್ಪಿದೆ" ಎಂದೆ. "ರೋಧ ಜಾಸ್ತಿಯಾದರೆ ಕರೆಂಟು ಕಡಿಮೆ ಹರಿಯುತ್ತೆ, ವಾಟೂ ಕಡಿಮೆ ಆಗುತ್ತೆ. ಅದಕ್ಕೇ ಅದು ಸಣ್ಣದು ತಾತ" ಎಂದಳು. ಇದು ತಲೆಗೆ ಇಳಿಯಲು ನನಗೆ ಎರಡು ಲೋಟ ಕಾಫಿ ಬೇಕಾಯಿತು.

ಎರಡನ್ನೂ ಕೂಡಿದರೆ 9.78 ಆಂಪಿಯರ್. ಬಾಕ್ಸನ್ನು ಬೋರಲು ಮಾಡಿ ಕನ್ನಡಕ ಏರಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ 6 ಆಂಪಿಯರ್ ಎಂದಿತ್ತು. ಗೋಡೆಯ ಆ ಲೈನಿಗೆ ಇದ್ದ ಎಂಸಿಬಿ 16 ಆಂಪಿಯರಿನದು. ಅದರ ಪಾಲಿಗೆ 9.78 ಏನೂ ಅಲ್ಲ, ಬೀಳುವುದಾದರೂ ಏಕೆ? ಅದು ಕಾಯುತ್ತಿದ್ದದ್ದು ಗೋಡೆಯೊಳಗಿನ ದಪ್ಪ ವೈರನ್ನು, ನನ್ನ ಬಾಕ್ಸನ್ನಲ್ಲ.

ಸಂಜೆ ಎಲೆಕ್ಟ್ರಿಷಿಯನ್ ಬಂದು ಬಾಕ್ಸು ಬಿಚ್ಚಿದ. ವೈರು ಸೇರುವಲ್ಲಿ ಸ್ಕ್ರೂ ಸಡಿಲವಾಗಿತ್ತು. "ಲೂಸ್ ಕಾಂಟ್ಯಾಕ್ಟು ಸಾರ್" ಎಂದ. ಈ ಮಾತನ್ನು ಜೀವನದಲ್ಲಿ ನೂರು ಸಲ ಕೇಳಿದ್ದೆ, ಅರ್ಥವಾದದ್ದು ಅವತ್ತು. ಬಿಗಿಯಾದ ಜೋಡಣೆಯಲ್ಲಿ ರೋಧ ಇಲ್ಲವೆನ್ನುವಷ್ಟು ಕಡಿಮೆ. ಸಡಿಲವಾದರೆ ಏರುತ್ತದೆ. ಅಲ್ಲಿ ಅರ್ಧ ಓಮ್ ಇತ್ತು ಎಂದೇ ಇಟ್ಟುಕೊಳ್ಳೋಣ. 9.78ನ್ನು 9.78ರಿಂದ ಗುಣಿಸಿ ಅರ್ಧ ಮಾಡಿದರೆ ಸುಮಾರು 48 ವಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವಾಟಿನದು. ಅಂಥ ಎರಡು ಕಡ್ಡಿಗಳನ್ನು ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದಂತೆ! ಕಾಯಿಲೊಂದೇ ಇದ್ದಿದ್ದರೆ 21 ವಾಟ್ ಆಗುತ್ತಿತ್ತು. ಕರೆಂಟು ಒಂದೂವರೆ ಪಟ್ಟಾದದ್ದಕ್ಕೆ ಬಿಸಿ ಎರಡೂಕಾಲು ಪಟ್ಟು. ಚಕ್ರಬಡ್ಡಿಯೂ ಇಷ್ಟು ಬೇಗ ಬೆಳೆಯದು.

ಮಕ್ಕಳೇ, ಈ ಲೆಕ್ಕಕ್ಕೆ ತೂತಿಗೆ ಕಡ್ಡಿ ಚುಚ್ಚಿ ಏನನ್ನೂ ಅಳೆಯಬೇಕಾಗಿಲ್ಲ. ಸಾಮಾನಿನ ಮೇಲಿನ ಚೀಟಿ ಓದಿದರೆ ಸಾಕು. ತಾತ ಅಜ್ಜಿಗೆ ಆ ಅಕ್ಷರ ಕಾಣುವುದಿಲ್ಲ, ನೀವೇ ಓದಿ ಹೇಳಿ.

ಬಚ್ಚಲಿನ ಹೊರಗೋಡೆಗೆ ಈಗ 16 ಆಂಪಿಯರಿನ ಪ್ರತ್ಯೇಕ ಪಾಯಿಂಟ್ ಬಂದಿದೆ. ಮೊನ್ನೆ ವೋಲ್ಟೇಜು 180ಕ್ಕೆ ಇಳಿದಿತ್ತು. ಸ್ಟೆಬಿಲೈಸರಿನ ಮುಳ್ಳು ತೋರಿಸುತ್ತಿತ್ತು. ಅರ್ಧ ಗಂಟೆಯಾದರೂ ನೀರು ಉಗುರುಬೆಚ್ಚಗೇ ಇದೆಯೆಂದು ನಮ್ಮಾಕೆ ಗೊಣಗಿದಳು. ನಾನು ಪೇಪರಿನ ಅಂಚಿನಲ್ಲಿ 180ನ್ನು 35.3ರಿಂದ ಭಾಗಿಸಿ, ಬಂದ 5.1ನ್ನು 180ರಿಂದ ಗುಣಿಸಿ, "1500 ವಾಟಿನ ಕಾಯಿಲು ಈಗ ಬರೀ 918 ವಾಟ್ ಕೊಡ್ತಿದೆ ಕಣೇ, ಇನ್ನೂ ಸ್ವಲ್ಪ ಹೊತ್ತು ತಡಿ" ಎಂದೆ.

"ಲೆಕ್ಕದಿಂದ ನೀರು ಕಾಯುತ್ತೇನ್ರೀ?" ಎಂದು ಅವಳು ಗ್ಯಾಸ್ ಒಲೆ ಹಚ್ಚಿದಳು.